ಅರಿಶಿನದ ದಿನದ ಸ್ಯಾಕ್ಸೋಫೋನ್

ಸುಂಕಣ್ಣನಿಗೆ ನಾನು ಮೊದಲು ಆಡಿದ್ದೇ ಬೈಗುಳ. ಬಳ್ಳಾರಿಯ ನಮ್ಮ ಹಿತ್ತಲ ಗೋಡೆಗೆ ಅಂಟಿದ ಶೆಡ್ಡಿನಲ್ಲಿ ಮದುವೆ ಬ್ಯಾಂಡ್‌ಸೆಟ್‌ನವರು ಪ್ರಾಕ್ಟೀಸ್ ಮಾಡುತ್ತಿದ್ದರು. ಇವನ ಸ್ಯಾಕ್ಸೋಫೋನಿನಿಂದ ನನ್ನ ಪರೀಕ್ಷೆಯ ಓದು ಹಾಳಾಗಿತ್ತು. ಕಿಟಕಿ ತೆರೆದು ಬೈದರೆ ನಕ್ಕುಬಿಟ್ಟ. ಹಾಳಾದವನ ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತು.

ಎಪ್ಪತ್ತೆರಡರಲ್ಲಿ ಅಣ್ಣ ಬೊಂಬಾಯಿಯಿಂದ ಒಂದು ಜಾಝ್ ಎಲ್‌ಪಿ ತಂದ. ಕವರಿನ ಮೇಲೆ ಮೂವರೇ: ಆರ್ಗನ್, ಸ್ಯಾಕ್ಸೋಫೋನ್, ಡ್ರಮ್ಸ್. ಅಪ್ಪಾಜಿಯ ಪ್ಲೇಯರ್ ಅವರ ಹಳೇ ಗ್ರಾಮಫೋನ್ ಪ್ಲೇಟುಗಳ ಎಪ್ಪತ್ತೆಂಟರ ಸ್ಪೀಡಿನಲ್ಲೇ ಓಡಬೇಕು. ಗುಂಡಿ ಮುಟ್ಟಿದರೆ ಕೈ ಮುರಿಯುತ್ತಿದ್ದರು. ಹಾಗೇ ಹಚ್ಚಿದೆ. ಮೂವರೂ ದೆವ್ವ ಹೊಕ್ಕವರಂತೆ ಬಾರಿಸಿದರು.

“ಖರೇನ ಇದು ಸ್ಯಾಕ್ಸೋಫೋನೇನ್ರಿ ವಿರೂಪಮ್ಮಾರ? ನಂದು ಹಿಂಗ ಚೀರಂಗಿಲ್ಲ,” ಎಂದ ಸುಂಕಣ್ಣ, ಕಿಟಕಿಯ ಸರಳು ಹಿಡಿದು.

“ನಿನಗ ಉಸಿರು ಸಾಲಂಗಿಲ್ಲ ಅನ್ನು.”

“ನೀವು ಹತ್ರ ನಿಂತ್ರ ಇದ್ದ ಉಸಿರೂ ಹೋಗ್ತೈತ್ರಿ.”

“ಬಾಯಿ ಭಾಳ ಆತು ನಿಂದು,” ಎಂದೆ. ಕಿಟಕಿ ಮಾತ್ರ ಹಾಕಲಿಲ್ಲ.

ಆ ಬೇಸಿಗೆಯೆಲ್ಲ ಕೇಳಿ ಕೇಳಿ ಪ್ಲೇಟಿನ ಮೊದಲನೇ ಹಾಡು ನಮ್ಮದಾಯಿತು. ಅಷ್ಟರಲ್ಲಿ ಅಪ್ಪಾಜಿ ಸಿರುಗುಪ್ಪದ ಅಕ್ಕಿ ಗಿರಣಿಯವರ ಮನೆಗೆ ನನ್ನನ್ನು ಕೊಡಲು ಒಪ್ಪಿದರು. ನಮ್ಮ ಓಣಿಯೇ ಬೇರೆ, ಸುಂಕಣ್ಣನ ಕೇರಿಯೇ ಬೇರೆ; ಅವನ ಹೆಸರೆತ್ತುವ ಹಾಗೇ ಇರಲಿಲ್ಲ.

“ಅರಿಶಿನದ ದಿನ ನಿಮ್ಮ ಬ್ಯಾಂಡ್ ನಮ್ಮ ಬಾಗಿಲಿಗೇ ಬರ್ತೈತಿ,” ಎಂದೆ. “ನನ್ನ ಕರ್ಕೊಂಡು ಹೋಗೋ ಧೈರ್ಯ ಇದ್ರ ನಮ್ಮ ಹಾಡು ಊದು. ಕೇಳಿದ ಕೂಡ್ಲೇ ಹಿತ್ತಲ ಬಾಗಿಲಿಂದ ಬರ್ತೀನಿ. ಇಲ್ಲಂದ್ರ ಊದಬ್ಯಾಡ.”

ಅವನ ಕಣ್ಣು ತುಂಬಿತು. “ಪ್ಲೇಟ್ ಕೊಡ್ರಿ. ರೈಲ್ವೆ ಕ್ಲಬ್ಬಿನ್ಯಾಗ ಹೊಸಾ ಮಷಿನ್ ಐತಿ. ಕೇಳಿ ಚಂದಂಗ ಕಲ್ತು ಬರ್ತೀನಿ.”

ಪ್ಲೇಟನ್ನು ಕೆಲಸದ ಹೊನ್ನೂರಮ್ಮನ ಕೈಯಲ್ಲಿ ವಾಪಸ್ ಕಳಿಸಿದ. ಅಷ್ಟು ಹೊತ್ತಿಗೆ ಮದುಮಗಳೆಂದು ನನ್ನನ್ನು ಕಿಟಕಿಯ ಹತ್ತಿರ ಬಿಡುತ್ತಿರಲಿಲ್ಲ.

ಅರಿಶಿನದ ಮೈಯಲ್ಲೇ, ಕೈಚೀಲ ಹಿಡಿದು, ಹಿತ್ತಲ ಬಾಗಿಲ ಹಿಂದೆ ನಿಂತೆ. ಬ್ಯಾಂಡು ಬಂತು. ಸಿನಿಮಾ ಹಾಡುಗಳಾದವು. ಆಮೇಲೆ ಸುಂಕಣ್ಣ ಒಬ್ಬನೇ ಏನೋ ಊದಿದ. ನಿಧಾನ, ಭಾರ, ನಾನು ಎಂದೂ ಕೇಳದ್ದು. ಅದನ್ನೇ ಮತ್ತೆ ಮತ್ತೆ ಊದಿದ. ನಮ್ಮ ಹಾಡು ಬರಲೇ ಇಲ್ಲ.

ಹೇಡಿ ಎಂದು ಬೈದುಕೊಂಡು ಒಳಗೆ ಹೋದೆ. ಸಿರುಗುಪ್ಪದಲ್ಲಿ ವರ್ಷಗಟ್ಟಲೆ ಅವನಿಗೆ ಹಿಡಿಶಾಪ ಹಾಕಿದೆ.

ಒಂದು ದೀಪಾವಳಿಗೆ ಗಂಡ ಹೊಸ ಪ್ಲೇಯರ್ ತಂದರು. ಟ್ರಂಕಿನಿಂದ ಎಲ್‌ಪಿ ತೆಗೆದುಕೊಟ್ಟೆ.

“ಎಲ್‌ಪಿ ಮೂವತ್ಮೂರರಾಗ ಓಡಬೇಕು,” ಎಂದು ಅವರು ಗುಂಡಿ ತಿರುಗಿಸಿದರು.

ಆರ್ಗನ್ ಮೆಲ್ಲಗೆ ಎದ್ದಿತು. ಅದರ ಹಿಂದೆಯೇ ಸ್ಯಾಕ್ಸೋಫೋನ್: ನಿಧಾನ, ಭಾರ. ಅರಿಶಿನದ ದಿನ ಸುಂಕಣ್ಣ ಊದಿದ್ದು ಇದನ್ನೇ! ಕ್ಲಬ್ಬಿನ ಮಷಿನ್ನಿನಲ್ಲಿ ಹಾಡಿನ ನಿಜವಾದ ನಡೆ ಕೇಳಿ, ಹಾಗೇ ಕಲಿತು ಬಂದಿದ್ದ. ಅಪ್ಪಾಜಿಯ ಪ್ಲೇಯರಿನಲ್ಲಿ ನಾವು ಕೇಳಿದ್ದೇ ಎಪ್ಪತ್ತೆಂಟರಲ್ಲಿ ಓಡಿಸಿದ ಹಾಡು. ಅಯ್ಯೋ ಶಿವನೇ, ಅವನು ಮತ್ತೆ ಮತ್ತೆ ನನ್ನನ್ನು ಕರೆದಿದ್ದ.

“ಏನಿದು, ಸತ್ತ ಮನಿಯಾಗ ಕುಂತಂಗ ಐತಿ,” ಎಂದು ಗಂಡ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದರು. ಬಾಗಿಲ ಹಿಂದೆ ನಿಂತು ನಾನು ಕಾದಿದ್ದ ಹಾಡು ಕೊನೆಗೂ ಬಂತು.

“ಈಗ ಚಂದ ಐತಿ ನೋಡು!” ಎಂದು ತೊಡೆ ತಟ್ಟಿದರು.

ನಾನು ಎದ್ದು ಹಿತ್ತಲ ಬಾಗಿಲು ತೆರೆದೆ. ಹೊರಗೆ ಗಿರಣಿಯ ಹೊಟ್ಟಿನ ರಾಶಿ ಬಿಟ್ಟರೆ ಏನೂ ಇರಲಿಲ್ಲ.