ಶುಕ್ರವಾರದ ತಿದ್ದುಪಡಿ

ಗುಂಡು ನೀರಿಗೆ ಬಿತ್ತು. ನನ್ನ ಮೊಣಕೈಯಿಂದ ಒಂದು ಗೇಣು ಆಚೆ!

"ತಲೆ ಬಗ್ಸು ಲಾ!" ಅಂಬಿಗ ಪೊನ್ನುಸ್ವಾಮಿ ಕಿರುಚಿದ. ಹರಿಗೋಲು ಗರಗರ ಅಂತ ಒಂದು ಸುತ್ತು ತಿರುಗ್ತು.

ಹೊಗೆನಕಲ್ ಮಡು. ಎರಡು ಕಡೆನೂ ಗೋಡೆ ಥರ ಬಂಡೆ. ದಡದ ಮೇಲೆ ಈಶ್ವರನ್, ಕೈಲಿ ಜೋಡಿನಳಿಗೆ ಬಂದೂಕ. ಇನ್ನೊಂದು ತೋಟಾ ತುಂಬ್ತಾ ಇದ್ದ.

ನಾನು, ಪೊನ್ನುಸ್ವಾಮಿ, ಕಮಲಿನಿ. ಮೂರು ಜನಕ್ಕೂ ಒಂದೇ ಬುಟ್ಟಿ.

"ಆ ದಡಕ್ಕೆ ಬಿಡಿ! ಆ ಕಡೆ ಮೈಸೂರು! ಅಲ್ಲಿ ಇವರ ಆಟ ನಡೆಯಲ್ಲ!" ಕಮಲಿನಿ ಕೂಗಿದಳು.

"ಯಾರಮ್ಮ ಹೇಳಿದ್ದು ಮೈಸೂರು ಅಂತ? ಅದು ಕೊಳ್ಳೇಗಾಲ ತಾಲೂಕು. ಕೊಯಮತ್ತೂರು ಜಿಲ್ಲೆ. ಈ ದಡಾನೂ ಮದ್ರಾಸ್ ಸರ್ಕಾರ, ಆ ದಡಾನೂ ಮದ್ರಾಸ್ ಸರ್ಕಾರ. ಅದೇ ಪೊಲೀಸು. ಅದೇ ಟೆಲಿಗ್ರಾಫು!" ಅಂದೆ.

ಅವಳು ಹರಿಗೋಲಿನ ತಳದಲ್ಲಿ ಕುಸಿದು ಕೂತಳು. ಮೂರು ದಿನ ಆ ದಡ ನೋಡ್ಕೊಂಡೇ ಜೀವ ಹಿಡಿದಿದ್ದಳು, ಪಾಪ.

ಈ ಬಂದೂಕನ್ನ ಇಲ್ಲಿಗೆ ಕರ್ಕೊಂಡು ಬಂದೋನು ಯಾರು ಅಂತೀಯಾ?

ನಾನೇ.

ನನ್ನ ಹೆಸರು ಚಿನ್ನರಾಜ್. ಸೇಲಂನ ಮಗ್ಗದ ಬೀದಿಯೋನು. ಒಂದು ಕಾಲಕ್ಕೆ ಹೆಡ್ ಕಾನ್ಸ್‌ಟೇಬಲ್. ಮೂವತ್ತನೇ ಇಸವಿ ಉಪ್ಪಿನ ಗಲಾಟೇಲಿ ಲಾಕಪ್ಪಿನಲ್ಲಿದ್ದ ಒಬ್ಬ ಮುದುಕ ರಕ್ತ ಕಾರ್ತಿದ್ದ. ಬಾಗಿಲು ತೆಗೆದು ಓಗು ಅಂದುಬಿಟ್ಟೆ. ಕೆಲಸ ಓಯ್ತು. ಜೈಲಾಗ್ಬೇಕಿತ್ತು... ಆಗ್ಲಿಲ್ಲ. ಸುಬ್ಬರಾಯನ್ ಆ ಫೈಲನ್ನ ತಗೊಂಡು ತಮ್ಮ ಬೀರುವಿನಲ್ಲಿ ಇಟ್ಕೊಂಡ್ರು.

ಏಳು ವರ್ಷ ಆಯ್ತು. ಆ ಬೀರುವಿನಲ್ಲಿ ಇದ್ದದ್ದು ಫೈಲಲ್ಲ ಮಾರಾಯ, ನಾನು!

ಸುಬ್ಬರಾಯನ್ ಅಂದ್ರೆ ನೂಲಿನ ವ್ಯಾಪಾರಿ. ಅಸೆಂಬ್ಲಿ ಎಲೆಕ್ಷನ್ನಿಗೆ ನಿಂತಿದ್ರು. ಊರಿನ ರೇಡಿಯೋ ಕ್ಲಬ್ಬಿಗೂ ಅವರೇ ಪ್ರೆಸಿಡೆಂಟು. ಕ್ಲಬ್ಬಿನ ಮಹಡಿ ಮೇಲೆ ಒಂದು ರೇಡಿಯೋ, ಒಂದು ಮೈಕು. ಮಾರ್ಕೆಟ್ಟು, ಪಾರ್ಕು, ಮಗ್ಗದ ಬೀದಿ, ಮೂರು ಕಡೆ ದೊಡ್ಡ ಹಾರನ್ ಸ್ಪೀಕರು. ದಿನಾ ಸಂಜೆ ಮದ್ರಾಸಿನ ಪಾಟು, ಅಂದ್ರೆ ಹಾಡು. ಆಮೇಲೆ ಹತ್ತು ನಿಮಿಷ ಕಮಲಿನಿ ಊರ ಸುದ್ದಿ ಓದೋಳು. ತಮಿಳಲ್ಲಿ ಒಂದ್ಸಲ, ನಮ್ಮ ಬೀದಿಗೋಸ್ಕರ ಕನ್ನಡದಲ್ಲಿ ಒಂದ್ಸಲ. ಇಸ್ಕೂಲ್ ಟೀಚರು. ಇಪ್ಪತ್ತನಾಕು ವಯಸ್ಸು.

ಸೋಮವಾರ ನೂಲಿನ ರೇಟು ಓದಿ, ಮುಂದಕ್ಕೆ ಇಷ್ಟು ಹೇಳಿದಳು:

"ಹರೂರಿನ ನೂಲಿನ ಗೋಡೌನಿನಲ್ಲಿ ಕುಪ್ಪಮ್ಮ, ಪಾಪಮ್ಮ, ಪೂಂಗೊಡಿ ಸತ್ತಿದ್ದು ಕಾಲರಾದಿಂದ ಅಲ್ಲ. ಬೆಂಕಿಯಿಂದ. ಬಾಗಿಲಿಗೆ ಹೊರಗಿನಿಂದ ಬೀಗ..."

ಟಪ್! ಆಪರೇಟರ್ ಸ್ವಿಚ್ ಆರಿಸಿದ.

ಗೋಡೌನು ಸುಬ್ಬರಾಯನ್‌ದು.

ಅವತ್ತೇ ನನಗೆ ಕರೆ ಬಂತು.

"ಚಿನ್ನರಾಜ್, ಆ ಹುಡುಗಿ ಓಡಿಹೋಗಿದಾಳೆ. ಶನಿವಾರ ಓಟು. ಶುಕ್ರವಾರ ಸಂಜೆ ಅವಳ ಬಾಯಿಂದಲೇ ತಿದ್ದುಪಡಿ ಬರ್ಬೇಕು."

"ಬರೋಲ್ಲ ಅಂದ್ರೆ?"

"ಅವಳ ಮೈ ಯಾರೂ ಮುಟ್ಟಲ್ಲ. ನನ್ನ ಮಾತು." ಒಂದು ಕಾಗದ ನನ್ನ ಜೇಬಿಗೆ ತುರುಕಿದ್ರು. ಕೈ ಬೀರುವಿನ ಮೇಲೇ ಇತ್ತು.

ಹುಡುಕೋದು ಕಷ್ಟ ಆಗ್ಲಿಲ್ಲ. ಸತ್ತ ಪೂಂಗೊಡಿಯ ತಾಯಿ ತಂಗಮ್ಮ ಮಾರ್ಕೆಟ್ಟಿನಲ್ಲಿ ಹೂವು ಮಾರ್ತಾಳೆ. ಅವಳ ತಮ್ಮ ಹೊಗೆನಕಲ್ಲಿನಲ್ಲಿ ಅಂಬಿಗ, ಇದೇ ಪೊನ್ನುಸ್ವಾಮಿ. ಇಷ್ಟು ಗೊತ್ತಾದ್ರೆ ಸಾಕಲ್ಲ!

ಶುಕ್ರವಾರ ಬೆಳಿಗ್ಗೆ ಮೀನು ಹುರಿಯೋ ಗುಡಿಸಲ ಮುಂದೆ ಕಮಲಿನಿ ಸಿಕ್ಕಿದಳು.

"ಒಂದು ಕಾಗದ ಓದಮ್ಮ, ಬಿಟ್ಬಿಡ್ತಾರೆ."

"ಅವತ್ತು ಹರೂರಿಗೆ ಹೋಗಿದ್ದ ತಂಗಮ್ಮ ಬಾಗಿಲು ಬಡಿದಿದ್ದಾಳೆ, ಚಿನ್ನರಾಜ್. ಒಳಗಿಂದ ಮಗಳು ಅಮ್ಮಾ ಅಂತಿದ್ದಳಂತೆ. ಅದನ್ನ ಹೇಗೆ ತಿದ್ದಲಿ?"

ನಾನು ಬಾಯಿ ತೆಗೆಯೋ ಮುಂಚೆ ಮೊದಲನೇ ಗುಂಡು ಮೀನಿನ ಬಾಣಲೆಗೆ ಬಿತ್ತು! ನನ್ನ ಬೆನ್ನಿಗೇ ಈಶ್ವರನ್ ಬಂದಿದ್ದ. ಸುಬ್ಬರಾಯನ್ ಗೋಡೌನಿನ ಮೇಸ್ತ್ರಿ. ಅವಳ ರಟ್ಟೆ ಹಿಡಿದು ಹರಿಗೋಲಿಗೆ ಹಾರಿದೆ.

ಈಗ ನೀರ ಮಧ್ಯ.

ಪೊನ್ನುಸ್ವಾಮಿ ಹುಟ್ಟು ಒತ್ತಿ ಹರಿಗೋಲನ್ನ ಒಂದು ಬಂಡೆ ಸಂದಿಗೆ ನುಗ್ಗಿಸಿದ. ಮೂರು ಕಡೆ ಕಲ್ಲು, ಒಂದು ಕಡೆ ನೀರು. ಗುಂಡು ಬರಲ್ಲ... ನಾವೂ ಆಚೆ ಓಗಂಗಿಲ್ಲ.

"ಜೀವಂತ ಕರ್ಕೊಂಡು ಬಾ ಅಂದ್ರಲ್ಲ ಧಣಿ," ಅಂದೆ. "ಇವನ್ಯಾಕೆ ಗುಂಡು ಹೊಡೀತಾವ್ನೆ?"

"ಆ ಕಾಗದ ಕೊಡಿ," ಅಂದಳು ಕಮಲಿನಿ.

ಒದ್ದೆಯಾಗಿತ್ತು. ಮಂಡಿ ಮೇಲೆ ಹರಡಿ ಓದಿದಳು. ಒಂದ್ಸಲ. ಇನ್ನೊಂದ್ಸಲ. ಆಮೇಲೆ ನಗೋಕೆ ಶುರು ಮಾಡಿದಳು! ನನಗೆ ಭಯ ಆಯ್ತು.

"ಕೇಳಿ. 'ಬೀಗದ ಕೀಲಿ ಮೇಸ್ತ್ರಿ ಈಶ್ವರನ್ ಬಳಿ ಇತ್ತೆಂಬುದೂ, ಕೂಗು ಕೇಳಿಯೂ ಅವನು ಬಾಗಿಲು ತೆರೆಯಲಿಲ್ಲವೆಂಬುದೂ ಶುದ್ಧ ಸುಳ್ಳು.'"

"ಸರಿ. ಅದಕ್ಕೆ?"

"ಕೀಲಿ ಯಾರ ಹತ್ರ ಇತ್ತು ಅಂತ ನಾನು ಹೇಳೇ ಇಲ್ಲ! ನನಗೆ ಗೊತ್ತೂ ಇರಲಿಲ್ಲ. ತಂಗಮ್ಮನಿಗೂ ಗೊತ್ತಿಲ್ಲ."

ಆಗ ನನಗೆ ಹೊಳೀತು. ಈಶ್ವರನ್ ಧಣಿ ಹತ್ರ ಎಲ್ಲಾ ಒಪ್ಕೊಂಡಿದ್ದ. ಧಣಿ ಒಂದೂ ಬಿಡದೆ ಎಲ್ಲದಕ್ಕೂ 'ಸುಳ್ಳು' ಅಂತ ಬರ್ದುಬಿಟ್ಟಿದ್ರು. ಈ ಕಾಗದದಲ್ಲಿ ತನ್ನ ಹೆಸರು ಇರೋದು ಮೇಸ್ತ್ರಿಗೆ ಗೊತ್ತಾಗಿತ್ತು. ಇದನ್ನ ಓದಿಸಬಾರದು ಅಂತಲೇ ಬಂದೂಕ ತಂದಿದ್ದ!

"ನಾನು ನಿಜ ಹೇಳಿದ್ರೆ ಸ್ವಿಚ್ ಆರಿಸ್ತಾರೆ," ಅಂದಳು. "ಇದನ್ನ ಓದಿದ್ರೆ ಆರಿಸಲ್ಲ. ಸಂಜೆ ಒಳಗೆ ಸೇಲಂ ಸೇರಿಸ್ತೀರಾ?"

ಕಾಗದ ಮಡಿಸಿ ಸೆರಗಿಗೆ ಗಂಟು ಹಾಕ್ಕೊಂಡಳು.

ನನ್ನ ಫೈಲು ನೆನಪಾಯ್ತು. ತಂಗಮ್ಮನೂ ನೆನಪಾದಳು.

"ಪೊನ್ನುಸ್ವಾಮಿ," ಅಂದೆ, "ಕೆಳಗಡೆ ದಾರಿ ಐತಾ?"

"ಐತೆ. ಸುಳಿ ದಾಟ್ಬೇಕು. ಸೀಕ್ರಂ, ಬೇಗ ಕೈ ಒಳಗೆ ಇಟ್ಕಳಿ!"

ಹೆಂಗೆ ದಾಟಿದ್ವಿ ಅಂತ ಕೇಳ್ಬೇಡ. ಕಣ್ಣು ಮುಚ್ಚಿದ್ದೆ.

ಮೀನಿನ ಗಾಡೀಲಿ ಪೆನ್ನಾಗರಂ, ಅಲ್ಲಿಂದ ಧರ್ಮಪುರಿ, ಅಲ್ಲಿ ಸೇಲಂ ಬಸ್ಸು. ಕಮಲಿನಿ ತಲೆ ಮೇಲೆ ಸೆರಗು ಎಳ್ಕೊಂಡು ಹೆಂಗಸರ ಮಧ್ಯ ಕೂತಳು, ಯಾರದೋ ಕೂಸನ್ನ ತೊಡೆ ಮೇಲೆ ಇಟ್ಕೊಂಡು. ನಾನು ಟಾಪ್ ಮೇಲೆ, ಮಾವಿನಕಾಯಿ ಬುಟ್ಟಿಗಳ ನಡುವೆ.

ನಲ್ಲಂಪಳ್ಳೀಲಿ ಬಸ್ಸು ಗಕ್ ಅಂತ ನಿಂತಿತು. ಅಡ್ಡ ಒಂದು ಕಾರು!

ಈಶ್ವರನ್ ಬಸ್ಸು ಹತ್ತಿದ. ನನ್ನ ಕೆಳಗೇ ಅವನ ಬೂಟಿನ ಸದ್ದು. ಒಂದು ಸೀಟು... ಇನ್ನೊಂದು ಸೀಟು... ನಿಂತ.

ಕೂಸು ಕಿರುಚಿಕೊಂಡಿತು.

"ಮಗು ಹೆದರ್ತೈತೆ, ಕಣ್ಣು ಕಾಣಲ್ವೇನಯ್ಯಾ!" ಒಬ್ಬ ಮುದುಕಿ ಬೈದಳು. "ಎರಂಗು ಸಾರ್, ಇಳೀರಿ, ಟೈಮ್ ಆಚ್ಚು!" ಅಂತ ಕಂಡಕ್ಟರ್ ರೇಗಿದ. ಇಡೀ ಬಸ್ಸು ಕೂಗಾಡ್ತು.

ಈಶ್ವರನ್ ಇಳಿದ. ಕಾರು ಧೂಳೆಬ್ಬಿಸ್ಕೊಂಡು ಸೇಲಂ ಕಡೆ ಓಯ್ತು. ನಾವು ಓಗ್ಬೇಕಾದ ಜಾಗಕ್ಕೇ, ನಮಗಿಂತ ಮೊದಲು.

ಐದೂವರೆಗೆ ಕ್ಲಬ್ಬು.

ಮಹಡಿ ಮೇಲೆ ಸುಬ್ಬರಾಯನ್ ಬೆತ್ತದ ಕುರ್ಚೀಲಿ ಕೂತಿದ್ರು. ಬಾಗಿಲ ಹತ್ರ ಈಶ್ವರನ್. ನಮ್ಮನ್ನ ನೋಡಿ ಅವನ ಮುಖ ಸುಣ್ಣ ಆಯ್ತು. ಧಣಿ ಎದುರು ಕೈ ಎತ್ತೋ ಧೈರ್ಯ ಇಲ್ಲ.

"ಭೇಷ್ ಚಿನ್ನರಾಜ್!" ಅಂದ್ರು ಧಣಿ. "ಓದಮ್ಮ. ಒಂದಕ್ಷರ ಹೆಚ್ಚಾದ್ರೂ ಸ್ವಿಚ್ ಆರ್ತದೆ."

"ಇಲ್ಲ ಸಾರ್. ನೀವು ಬರೆದಂಗೇ ಓದ್ತೀನಿ."

"ಧಣೀ, ಬೇಡ..." ಈಶ್ವರನ್ ಗೊಣಗಿದ.

"ಬಾಯ್ಮುಚ್ಚೋ!"

ನನ್ನ ಹಿಂದೆ ಬಾಗಿಲಿಗೆ ಅಗುಳಿ ಬಿತ್ತು.

ಮೊದಲು ತಮಿಳಲ್ಲಿ ಓದಿದಳು. ಆಮೇಲೆ ಕನ್ನಡದಲ್ಲಿ. ನಿಧಾನಕ್ಕೆ, ಮಕ್ಕಳಿಗೆ ಡಿಕ್ಟೇಷನ್ ಕೊಟ್ಟಂಗೆ. ಮೂರು ಹೆಂಗಸರ ಹೆಸರು. ಬೆಂಕಿ. ಬೀಗ. ಕೀಲಿ. ಈಶ್ವರನ್. ಕೂಗು. ಕೊನೇಲಿ 'ಶುದ್ಧ ಸುಳ್ಳು'. ಸುಬ್ಬರಾಯನ್ ತಲೆದೂಗ್ತಾ ಇದ್ರು, ಸಂಗೀತ ಕೇಳಿದಂಗೆ!

ಕಿಟಕಿ ಕೆಳಗೆ ಮಾರ್ಕೆಟ್ಟು ಸ್ತಬ್ಧ ಆಯ್ತು. ತಕ್ಕಡಿ ಹಿಡಿದೋನ ಕೈ ಅಲ್ಲೇ ನಿಂತಿತ್ತು.

ಆಮೇಲೆ ಒಂದೇ ಒಂದು ದನಿ. ತಂಗಮ್ಮ!

"ಕೀಲಿ? ನಿನ್ನತ್ರಾನೇ ಇತ್ತಾ? ಕೀಲಿ ಕಳ್ದೋಗೈತೆ ಅಂದ್ಯಲ್ಲೋ ಈಶ್ವರಾ! ನನ್ನ ಜತೆ ನಿಂತು ಅತ್ತ್ಯಲ್ಲೋ!"

ಆಗ ಧಣಿಗೆ ಅರ್ಥ ಆಯ್ತು. ಕಾಗದ ಕಿತ್ಕೊಂಡು ನೋಡಿದ್ರು. ಅವರದೇ ಕೈಬರಹ.

"ಸ್ವಿಚ್!" ಅಂತ ಅರಚಿದ್ರು. ಓದು ಮುಗಿದು ಒಂದು ನಿಮಿಷ ಆಗಿತ್ತು.

ಈಶ್ವರನ್ ಅಗುಳಿ ಕಿತ್ತು ಮೆಟ್ಟಿಲಿಳಿದು ಓಡಿದ. ಗೇಟಿನ ತನಕ ಅಷ್ಟೆ. ಹೂವಿನ ಹೆಂಗಸರು ಅವನನ್ನ ಹೊಡೀಲಿಲ್ಲ, ಬೈಯಲಿಲ್ಲ. ಸುತ್ತ ನಿಂತ್ರು. ಪೊಲೀಸ್ ಬರೋ ತನಕ ಒಬ್ಬಳೂ ಜರುಗಲಿಲ್ಲ.

ಕೊನೆಗೆ ಏನಾಯ್ತು ಅಂತೀಯಾ?

ಈಶ್ವರನ್‌ಗೆ ಏಳು ವರ್ಷ. ತಂಗಮ್ಮ ತೀರ್ಪಿನ ದಿನ ಕೋರ್ಟಿಗೆ ಬರಲೇ ಇಲ್ಲ. ಮಗಳ ಹೆಸರು ಊರೆಲ್ಲಾ ಕೇಳ್ತಲ್ಲ, ಸಾಕು ಅಂದಳಂತೆ. ಸುಬ್ಬರಾಯನ್ 'ಆಳಿನ ತಪ್ಪು' ಅಂತ ಕೈ ತೊಳ್ಕೊಂಡ್ರು. ಎಲೆಕ್ಷನ್ ಗೆದ್ರು ಕೂಡ... ಕೂದಲೆಳೇಲಿ. ಕಮಲಿನಿ ಕೆಲಸ ಓಯ್ತು. ನಮ್ಮ ಬೀದೀಲಿ ಜಗಲಿ ಮೇಲೆ ಕೂತು ಹೆಂಗಸರಿಗೆ ಪೇಪರ್ ಓದ್ತಾಳೆ, ಹಾರನ್ನಿಲ್ಲದೆ.

ಓಟಾದ ಮೇಲಿನ ಸೋಮವಾರ ಧಣಿ ಬೀರು ತೆಗೆದು ನನ್ನ ಫೈಲು ಪೊಲೀಸಿಗೆ ಕೊಟ್ರು. ಅದಕ್ಕೇ ಈ ಜೈಲಲ್ಲಿ ನಿನ್ನ ಪಕ್ಕದ ಚಾಪೆ ಮೇಲೆ ಇದೀನಿ. ಆರು ತಿಂಗಳು. ಯಾವ ಕೇಸು ಅಂತ ಕೇಳಿದ್ಯಲ್ಲ, ಇದೇ ಕೇಸು.

ಹಾಂ, ಕ್ಲಬ್ಬು ಹೊಸ ರೂಲು ಮಾಡೈತೆ. ಪ್ರೆಸಿಡೆಂಟು ಸ್ವಂತ ಕೈಯಲ್ಲಿ ಬರೆದುಕೊಟ್ಟಿದ್ದನ್ನ ಬಿಟ್ಟು ಮೈಕಿನಲ್ಲಿ ಒಂದಕ್ಷರಾನೂ ಓದಂಗಿಲ್ಲ.

ಅಯ್ಯೋ ದೇವ್ರೆ... ನಾವು ಓದಿದ್ದೂ ಅದನ್ನೇ ತಾನೆ!