ಹನ್ನೆರಡು ಹೆಜ್ಜೆಯ ಸುಳ್ಳು

ಟಪ್!

ಊರುಗೋಲು ಕೌಂಟರಿಗೆ ಬಡಿದ ಏಟಿಗೆ ಕಚೇರಿಯ ಫೈಲುಗಳೆಲ್ಲ ಹತ್ತು ವರ್ಷದ ಧೂಳು ಕೊಡವಿಕೊಂಡು ಎದ್ದು ಕೂತವು. ಸಾಲಿನಲ್ಲಿ ತೂಕಡಿಸುತ್ತಿದ್ದ ಅಜ್ಜನೊಬ್ಬ "ಭೂಕಂಪ!" ಎಂದು ಬೆಂಚಿನಡಿ ನುಗ್ಗಿದ.

ಭೂಕಂಪವಲ್ಲ... ಕಾಜಾರಾಣಿ! ಶರ್ಟ್ ಫ್ಯಾಕ್ಟರಿಯಲ್ಲಿ ಗುಂಡಿಗಳಿಗೆ ಕಾಜಾ ಹೊಲಿಯುವವಳು. ಅವಳು ಪೆಡಲ್ ತುಳಿಯಲು ಕೂತರೆ ಸಂಜೆಯೊಳಗೆ ಅರ್ಧ ಜಗತ್ತಿನ ಅಂಗಿಗಳಿಗೆ ಕಾಜಾ ಬಿದ್ದಿರುತ್ತಿತ್ತು. ಉಳಿದರ್ಧಕ್ಕೆ ಮರುದಿನ.

"ರೀ ಗುಮಾಸ್ತರೇ! ನನ್ನ ಕಾಲು ವಾಸಿ ಆಯ್ತು ಅಂತ ಬರೆದಿದ್ದೀರಂತೆ? ನನಗೇ ಗೊತ್ತಿಲ್ಲದ ಹಾಗೆ ಯಾವ ದೇವರು ಬಂದು ಹೋದ ಕಣ್ರೀ?"

ಗುಮಾಸ್ತ ಕನ್ನಡಕ ಸರಿಮಾಡಿಕೊಂಡ. "ವಾಸಿ ಅಂತ ಬರೆದಿಲ್ಲ. ಕೋಲಿಲ್ಲದೆ ಹನ್ನೆರಡು ಹೆಜ್ಜೆ ನಡೆದರು ಅಂತ ಬರೆದೆ. ಕಂಡದ್ದು ಬರೆಯೋದು ನನ್ನ ಕೆಲಸ..."

"ಆ ಹನ್ನೆರಡು ಹೆಜ್ಜೆಗೆ ನನ್ನ ಜೀವನ ಹೋಯ್ತಲ್ಲ!"

ಅಂಗವಿಕಲ ಕೆಲಸಗಾರರ ಆರೋಗ್ಯ ವಿಮೆಯ ಕಂತನ್ನು ಸರ್ಕಾರವೇ ಕಟ್ಟುತ್ತಿತ್ತು. ಆದರೆ ವರ್ಷಕ್ಕೊಮ್ಮೆ ಬಂದು ನಡೆದು ತೋರಿಸಬೇಕು. ಸತ್ತ ಕಾಲು ಎಲ್ಲಿ ಕದ್ದುಮುಚ್ಚಿ ಚಿಗುರಿಬಿಟ್ಟಿದೆಯೋ ಎಂದು ಸರ್ಕಾರಕ್ಕೆ ಅನುಮಾನ! ಹೋದ ತಿಂಗಳು ತೋರಿಸಿದಳು. ಈಗ ನೆರವು ನಿಂತಿತ್ತು. ಮುಂದಿನ ವಾರ ವಿಮೆ ಮುಗಿಯುತ್ತದೆ. ಅದರ ಮರುವಾರ ಸೊಂಟದ ಆಪರೇಷನ್. ಸತ್ತ ಎಡಗಾಲಿನ ಪಾಲನ್ನೂ ಇಪ್ಪತ್ತು ವರ್ಷ ತಾನೇ ಹೊತ್ತು ಬಲಸೊಂಟ ಸವೆದುಹೋಗಿತ್ತು. ಅದೂ ಕೈಕೊಟ್ಟರೆ ಪೆಡಲ್ ಇಲ್ಲ, ಕೆಲಸ ಇಲ್ಲ.

ಜೊತೆಗೆ ಬಂದಿದ್ದ ಅಕ್ಕ ಬೆನ್ನಿಗೆ ತಿವಿದಳು. "ಅಲ್ವೇ, ಮನೇಲಿ ಬಚ್ಚಲಿಗೆ ಹೋಗೋಕೂ ಗೋಡೆ ಹಿಡೀತೀಯ. ಇಲ್ಲಿ ಬಂದು ಯಾವ ಸಿಂಹಾಸನ ಏರೋಕೆ ಹಾಗೆ ನಡೆದೆ?"

"ಸುಮ್ನಿರಕ್ಕಾ!"

ಹೇಳುವುದು ಹೇಗೆ...? ಮೂರು ವರ್ಷದಿಂದ ತಿಂಗಳಿಗೊಮ್ಮೆ ಫ್ಯಾಕ್ಟರಿಯ ಕೆಲಸದ ಚೀಟಿ ಕೊಡಲು ಈ ಕಚೇರಿಗೆ ಬರುತ್ತಿದ್ದಳು. ಎಲ್ಲರೂ ಮೊದಲು ಅವಳ ಕಾಲು ನೋಡುತ್ತಿದ್ದರು. ಈ ಗುಮಾಸ್ತನೊಬ್ಬ ಮಾತ್ರ ಮುಖ ನೋಡಿ, "ಈ ತಿಂಗಳು ಎಷ್ಟು ಅಂಗಿ?" ಎಂದು ಕೇಳುತ್ತಿದ್ದ. ಹೋದ ತಿಂಗಳ ನಡಿಗೆ ಪರೀಕ್ಷೆಯ ದಿನ ಬರೆದುಕೊಳ್ಳಲು ಮೂಲೆಯಲ್ಲಿ ಇವನೇ ಕೂತಿದ್ದ!

'ಇವರ ಮುಂದೆ ಕುಂಟೋದಾ? ಪ್ರಾಣ ಹೋದರೂ ಇಲ್ಲ!'

ಕೋಲನ್ನು ಗೋಡೆಗೆ ಒರಗಿಸಿ, ಹಲ್ಲು ಕಚ್ಚಿ ನಡೆದುಬಿಟ್ಟಿದ್ದಳು.

"ದೊಡ್ಡ ಮೇಡಂ ಒಳಗಿದ್ದಾರೆ," ಗುಮಾಸ್ತ ಮೆಲ್ಲಗೆ ಹೇಳಿದ. "ಈಗಲೇ ಮನವಿ ಕೊಡಬಹುದು. ಬನ್ನಿ... ಆದ್ರೆ ಕಾರಣ ಕೇಳ್ತಾರೆ."

ಒಳಗೆ ಮೇಡಂ ಕೇಳಿಯೇ ಕೇಳಿದರು. "ಅವತ್ತು ಕೋಲು ಬಿಟ್ಟು ಯಾಕಮ್ಮ ನಡೆದೆ?"

ಅಕ್ಕ ಚಿವುಟಿದಳು. "ಬೊಗಳೇ!"

ಅಷ್ಟೇ. ಕಟ್ಟೆ ಒಡೆಯಿತು!

"ಈ ಗುಮಾಸ್ತರು ನೋಡ್ತಿದ್ರು, ಅದಕ್ಕೆ! ಒಂದೇ ಒಂದು ಸಲ ಇವರ ಕಣ್ಣಿಗೆ ನೆಟ್ಟಗೆ ಕಾಣ್ಬೇಕು ಅನ್ನಿಸ್ತು. ತಪ್ಪಾ? ಸಂತೇಲಿ ಎತ್ತು ನಡೆಸಿ ನೋಡೋ ಹಾಗೆ ವರ್ಷ ವರ್ಷ ನಮ್ಮನ್ನ ನಡೆಸಿ ನೋಡ್ತೀರಲ್ಲ... ಕಾಲಿಲ್ಲದವರಿಗೆ ಮಾನವೂ ಇರಲ್ಲ ಅಂದ್ಕೊಂಡ್ರಾ?"

ತಿರುಗುತ್ತಿದ್ದ ಫ್ಯಾನು ಕೂಡ ಹೆದರಿ ಉಸಿರು ಬಿಗಿಹಿಡಿಯಿತು.

ಗುಮಾಸ್ತ ತಲೆ ತಗ್ಗಿಸಿದ. "ಮೇಡಂ... ಹದಿಮೂರನೇ ಹೆಜ್ಜೆಯನ್ನೂ ನಾನು ನೋಡಿದೆ. ಬಾಗಿಲಾಚೆ ಕುಸಿದು ಕೂತು, ಕೈ ಕಚ್ಚಿಕೊಂಡು ಅಳ್ತಿದ್ರು."

ಕಾಜಾರಾಣಿ ಗರ್ರನೆ ತಿರುಗಿದಳು. "ನೋಡಿಯೂ ಬರೀಲಿಲ್ವಾ?!"

"ಕೋಣೆಯೊಳಗೆ ಕಂಡದ್ದನ್ನ ಮಾತ್ರ ಬರೀಬೇಕು ಅಂತ ನಿಯಮ..."

"ನಿಮ್ಮ ನಿಯಮಕ್ಕಿಷ್ಟು ಬೆಂಕಿ ಹಾಕ!"

"ಹಾಕಿ. ಆದ್ರೆ ನಿಯಮ ಒಂದೇ ಅಲ್ಲ. ಯಾರೂ ನೋಡ್ಬಾರ್ದು ಅಂತ ನೀವು ಬಚ್ಚಿಟ್ಟ ಅಳುವನ್ನ ಸರ್ಕಾರಿ ಕಾಗದಕ್ಕೆ ಇಳಿಸೋಕೆ ಕೈ ಬರಲಿಲ್ಲ. ತಪ್ಪು ನನ್ನದೇ. ಈಗ ಬರೆದು ಸಹಿ ಹಾಕ್ತೀನಿ, ಕೆಲಸ ಹೋದ್ರೂ ಸರಿ."

ಮೇಡಂ ಇಬ್ಬರನ್ನೂ ಒಮ್ಮೆ ನೋಡಿದರು. "ಬರೀರಿ. ಕೆಲಸ ಹೋಗಲ್ಲ, ಬೈಗುಳ ಬರುತ್ತೆ. ನೀನಮ್ಮ, ಇನ್ನೊಂದು ಸಲ ನಡೆದು ತೋರಿಸ್ಬೇಕು."

ಗುಮಾಸ್ತ ಎದ್ದ. "ನಾನು ಹೊರಗಿರ್ತೀನಿ."

"ಬೇಡ!" ಅವಳು ತಡೆದಳು. "ಇಲ್ಲೇ ಇರಿ. ಕಣ್ಣು ತುಂಬ ನೋಡಿ."

ಕೋಲೂರಿದಳು. ನಡೆದಳು. ಎಡಭುಜ ಕುಸಿಯಿತು, ಸೊಂಟ ಓಲಾಡಿತು, ಕಾಲು ನೆಲವನ್ನು ಸವರುತ್ತ ಹಿಂದೆ ಬಂತು. ಒಂದನ್ನೂ ಮುಚ್ಚಿಡಲಿಲ್ಲ. ಉರಿಯುವ ಕಣ್ಣು ಮಾತ್ರ ಅವನ ಮುಖದ ಮೇಲೇ ಇತ್ತು... ಅಲ್ಲಿ ಮರುಕ ಕಂಡರೆ ಸುಟ್ಟು ಬೂದಿ ಮಾಡಲು!

ಮರುಕ ಕಾಣಲಿಲ್ಲ.

ಮೇಡಂ ಸಹಿ ಹಾಕಿದರು. ನೆರವು ಮುಂದುವರಿಯಿತು. ಅಕ್ಕ ಅತ್ತ ಅಳುವಿಗೆ ನಾಲ್ಕು ಕೆರೆ ಕೋಡಿ ಬೀಳುತ್ತಿದ್ದವು.

ಮೊಗಸಾಲೆಯಲ್ಲಿ ಅವನು ಹಿಂದೆಯೇ ಬಂದ. "ಕೋಪ ಇಳೀತಾ?"

"ಇಲ್ಲ. ನಲವತ್ತು ವರ್ಷಕ್ಕೆ ಸಾಲೋ ಅಷ್ಟಿದೆ."

"ಒಂದು ಮಾತು... ಮೆಟ್ಟಿಲಲ್ಲಿ ನಿಮ್ಮ ಸದ್ದು ಕೇಳಿದ ಕೂಡಲೇ ಪಕ್ಕದ ಕೌಂಟರಿನವನನ್ನ ಟೀ ಕುಡಿಯೋಕೆ ಕಳಿಸಿಬಿಡ್ತಿದ್ದೆ. ನೀವು ನನ್ನ ಹತ್ರಾನೇ ಬರಲಿ ಅಂತ. ಮೂರು ವರ್ಷದಿಂದ."

ಅವಳ ಕಿವಿ ಕೆಂಪಾಯಿತು. "ಬಾಯಲ್ಲಿ ಹೇಳೋಕೆ ಏನಾಗಿತ್ತು?"

"ಹೆದರಿಕೆ... ಆಪರೇಷನ್ ದಿನ ಬರಲಾ?"

"ಬಂದು ಏನ್ಮಾಡ್ತೀರಿ?"

"ನಿಮ್ಮಕ್ಕನ ಬೈಗುಳ ಹಂಚ್ಕೊಳ್ತೀನಿ."

ನಗು ತಡೆಯಲಾಗಲಿಲ್ಲ. ಮೆಟ್ಟಿಲ ತಲೆಯಲ್ಲಿ ನಿಂತು, ಮೊದಲ ಬಾರಿಗೆ ಕೈ ಚಾಚಿದಳು.

"ಹಿಡ್ಕೊಳ್ಳಿ. ಭಾರ ಇದ್ದೀನಿ, ಮೊದಲೇ ಹೇಳಿದೀನಿ."

"ಪೂರ್ತಿ ಹಾಕ್ರೀ... ತಡೀತೀನಿ."