ಮೂರನೇ ಮಹಡಿಯಲ್ಲಿ ನಿಂತ ಲಿಫ್ಟ್

ಗಾಜಿನ ಪೆಟ್ಟಿಗೆಗೆ ಹಾಕಿದ ಬೀಗ ಹಾಕಿದ ಹಾಗೇ ಇತ್ತು. ಒಳಗಿದ್ದ ನಕ್ಷೆ ಮಾತ್ರ ಇರಲಿಲ್ಲ!

ನೂರಹತ್ತು ವರ್ಷದ ಆ ವಸತಿ ಕಟ್ಟಡದ ಮೂಲ ನಕ್ಷೆ ಅದೊಂದೇ. ಸಂಜೆ ನಾಲ್ಕಕ್ಕೆ, ಯಾವ ಹಳೆಯ ಕಟ್ಟಡ ಉಳಿಸಬೇಕೆಂದು ತೀರ್ಮಾನಿಸುವ ಪರಂಪರೆ ಸಮಿತಿ ಬರುತ್ತದೆ. ನಕ್ಷೆ ತೋರಿಸದಿದ್ದರೆ ಅಮೃತಶಿಲೆಯ ಹಜಾರ, ಬಣ್ಣದ ಗಾಜಿನ ಕಿಟಕಿಗಳು ಎಲ್ಲ ನೆಲಸಮ. ಕಟ್ಟಡದ ಇತಿಹಾಸ ಬರೆದ ನಿವೃತ್ತ ಮೇಷ್ಟ್ರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಒಂಬತ್ತಕ್ಕೆ ಕೆಳಗಿನ ಹಜಾರದಲ್ಲಿ ನಕ್ಷೆ ಇಟ್ಟು ಗ್ರಂಥಾಲಯಕ್ಕೆ ಹೋಗಿದ್ದವರು ಹನ್ನೆರಡಕ್ಕೆ ಬಂದು ನೋಡಿದ್ದರು. ಕೀಲಿ ಪಕ್ಕದ ಕಾವಲುಗಾರನ ಕೋಣೆಯ ಮೊಳೆಯಲ್ಲಿ, ಎಲ್ಲರ ಕೈಗೆ ಸಿಗುವಂತಿತ್ತು.

ಪೊಲೀಸ್ ಕೆಲಸದಿಂದ ನಿವೃತ್ತರಾದರೂ ಮೂಗು ತೂರಿಸುವುದರಿಂದ ನಿವೃತ್ತರಾಗದ ನನ್ನ ಸೋದರತ್ತೆ ವಿಚಾರಣೆ ಶುರುಮಾಡಿದರು.

ಮೊದಲು ಎರಡನೇ ಮಹಡಿಯ ಹಲ್ಲಿನ ಡಾಕ್ಟರು. ಅವರೂ ಕಟ್ಟಡದ ಇತಿಹಾಸ ಬರೆಯುತ್ತಿದ್ದರು. ಮೇಷ್ಟ್ರ ಪುಸ್ತಕ ಮೊದಲು ಬಂತು.

"ಹೊಟ್ಟೆ ಉರೀತು, ಸುಳ್ಳು ಯಾಕೆ ಹೇಳಲಿ? ಆದ್ರೆ ಬೆಳಗ್ಗೆಯಿಂದ ನನ್ನ ಕೈ ಬೇರೆಯವರ ಬಾಯಲ್ಲೇ ಇತ್ತು."

ಮೂರನೇ ಮಹಡಿಯಲ್ಲಿ ಮೇಷ್ಟ್ರ ಹೆಂಡತಿ ಕಾಲ ಮೇಲೆ ಶಾಲು ಹೊದ್ದು ಕೂತಿದ್ದರು. ಮಂಡಿಯ ಆಪರೇಷನ್ ಆದ ಮೇಲೆ ಎರಡು ತಿಂಗಳಿಂದ ಹೊಸ್ತಿಲು ದಾಟಿಲ್ಲ ಎಂದರು.

ಅತ್ತೆ, ನಮ್ಮ ಜೊತೆಗೇ ಮೇಲೆ ಬಂದಿದ್ದ ಮೇಷ್ಟ್ರ ಕಡೆ ತಿರುಗಿದರು. "ನೀವು ಇವತ್ತು ಲಿಫ್ಟ್ ಹತ್ತಿದ್ರಾ?"

"ಯಾವತ್ತೂ ಹತ್ತಲ್ಲ. ಎಪ್ಪತ್ತೆರಡು ಮೆಟ್ಟಿಲು, ಒಂದೊಂದೂ ಸರಿಯಾಗಿ ಆರಂಗುಲ. ಅಂಥಾ ಮೆಟ್ಟಿಲು ಬಿಟ್ಟು ಹೋಗೋಕೆ ಮನಸ್ಸು ಬರಲ್ಲ."

ಅತ್ತೆ ಕುರ್ಚಿ ಎಳೆದುಕೊಂಡರು.

"ಎಲ್ಲರೂ ಪೆಟ್ಟಿಗೆ ನೋಡಿದ್ರಿ, ಲಿಫ್ಟ್ ನೋಡಲಿಲ್ಲ. ಕಟ್ಟಿದ ದಿನದಿಂದ ಅದು ಮೇಲೆ ಹೋಗೋರಿಗೆ ಮಾತ್ರ, ಇಳಿಯೋರು ಮೆಟ್ಟಿಲಲ್ಲೇ ಇಳೀಬೇಕು. ಮತ್ತೊಬ್ಬರು ಕರೆಯೋ ತನಕ ನಿಂತಲ್ಲೇ ನಿಂತಿರುತ್ತೆ. ಹತ್ತು ಗಂಟೆಗೆ ಕಾವಲುಗಾರ ಅದನ್ನ ಕೆಳಗೆ ಒರೆಸಿದಾನೆ. ಹನ್ನೆರಡಕ್ಕೆ ಅದು ಇಲ್ಲಿ, ಮೂರನೇ ಮಹಡಿಯಲ್ಲಿ! ಎದುರು ಮನೆಗೆ ವರ್ಷದಿಂದ ಬೀಗ. ಮೇಷ್ಟ್ರು ಲಿಫ್ಟ್ ಹತ್ತೋರಲ್ಲ. ಇನ್ನು ಉಳಿದೋರು ನೀವೊಬ್ಬರೇ, ಅಮ್ಮ. ಆ ಕಾಲಲ್ಲಿ ಹೇಗೋ ಇಳಿದ್ರಿ — ವಾಪಸ್ ಮೆಟ್ಟಿಲು ಹತ್ತೋಕೆ ಆಗಲಿಲ್ಲ."

ಆಕೆ ಅಲ್ಲಗಳೆಯಲಿಲ್ಲ.

"ಸವತಿ ಇದ್ದಿದ್ರೆ ಜಗಳ ಆಡಬಹುದಿತ್ತು. ಕಟ್ಟಡದ ಜೊತೆ ಏನಂತ ಆಡಲಿ? ಅವಳ ಒಂದೊಂದು ಮೆಟ್ಟಿಲಿನ ಅಳತೆ ಗೊತ್ತು ಇವರಿಗೆ. ನನಗೆ ಆಪರೇಷನ್ ಆಗಿದ್ದು ಯಾವ ಮಂಡಿಗೆ? ಕೇಳಿ ನೋಡಿ."

ಅತ್ತೆ ಕೇಳಲಿಲ್ಲ. ಮೇಷ್ಟ್ರು ಶಾಲನ್ನೇ ನೋಡುತ್ತಿದ್ದರು. ಗಡಿಯಾರದಲ್ಲಿ ಮೂರೂವರೆ.

"ತಗೊಂಡು ಹೋಗಿ," ಎಂದರು ಆಕೆ. "ನನ್ನ ಮಾತ್ರೆ ಇಡೋ ಕಪಾಟಿನಲ್ಲಿದೆ."

ಮೇಷ್ಟ್ರು ಎದ್ದರು. ಎರಡು ಹೆಜ್ಜೆ ನಡೆದು ನಿಂತರು. ಆಮೇಲೆ ತಿರುಗಿ, ಯಾವ ಕಪಾಟು ಎಂದು ಕೇಳಿದರು.